ಆರೂವರೆ ಅಡಿ ನೀರು

ಆ ಶಾಲೆಯಲ್ಲಿ ಪ್ರಯೋಗ ಕೈಕೊಟ್ಟಿತು ಎಂಬ ಮಾತನ್ನು ಇಪ್ಪತ್ತಾರು ವರ್ಷಗಳಿಂದ ಯಾರೂ ಕೇಳಿರಲಿಲ್ಲ. ಅದರ ಶ್ರೇಯಸ್ಸು ಸಲ್ಲಬೇಕಾದದ್ದು ವಿಜ್ಞಾನಕ್ಕಲ್ಲ, ಲ್ಯಾಬಕ್ಕನಿಗೆ. ಹಾಜರಿ ಪುಸ್ತಕದಲ್ಲಿ ಅವಳ ಹುದ್ದೆ ಪ್ರಯೋಗಾಲಯ ಸಹಾಯಕಿ. ಗಾಜಿನ ಸಾಮಾನು ತೊಳೆಯುವುದು, ಒರೆಸುವುದು, ಟೀಚರು ಹೇಳಿದ್ದನ್ನು ಮೇಜಿನ ಮೇಲೆ ಜೋಡಿಸಿಡುವುದು, ಬೆಲ್ ಹೊಡೆದ ಮೇಲೆ ಎತ್ತಿಡುವುದು, ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಅಷ್ಟಕ್ಕೇ ಕೈ ತೊಳೆದುಕೊಂಡು ಕೂರುವ ಜಾಯಮಾನ ಅವಳದಲ್ಲ.

ನಾಳೆ ತರಗತಿಯಲ್ಲಿ ಏನು ಮಾಡುತ್ತಾರೋ ಅದನ್ನು ಅವಳು ಇವತ್ತೇ ಮಾಡಿ ನೋಡುತ್ತಿದ್ದಳು. ಪುಸ್ತಕದಲ್ಲಿ ಇದ್ದ ಹಾಗೆ ಬಂದರೆ ಸರಿ. ಬರದಿದ್ದರೆ ಬರುವ ಹಾಗೆ ಮಾಡುತ್ತಿದ್ದಳು. ಉರಿಯುವ ಮೇಣದಬತ್ತಿಯ ಮೇಲೆ ಲೋಟ ಬೋರಲು ಹಾಕಿದರೆ ನೀರು ಇಂತಿಷ್ಟೇ ಏರಬೇಕು ಎಂದು ಪುಸ್ತಕ ಹೇಳಿದರೆ, ಅಷ್ಟೇ ಏರುವ ಲೋಟ ಸಿಗುವವರೆಗೆ ಹತ್ತು ಲೋಟ ಹಾಕಿ ನೋಡುವಳು. ಕತ್ತಲೆಯಲ್ಲಿಟ್ಟ ಕಾಳು ಮೊಳಕೆಯೊಡೆಯದೆ ಹಟ ಹಿಡಿದರೆ ಮನೆಯಿಂದ ಮೊಳಕೆ ಬಂದ ಕಾಳು ತಂದು ಸದ್ದಿಲ್ಲದೆ ಬದಲಾಯಿಸಿಬಿಡುವಳು. ಇದಕ್ಕೆ ಅವಳು ಇಟ್ಟುಕೊಂಡಿದ್ದ ಹೆಸರು ಹದ ಮಾಡುವುದು. ಮೋಸ ಎಂಬ ಮಾತು ಅವಳ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಟೀಚರುಗಳಿಗೆ ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಗೊತ್ತಿದ್ದವರು ಬಾಯಿ ಬಿಡಲಿಲ್ಲ, ಗೊತ್ತಿಲ್ಲದವರು ಹೊಗಳಿದರು. ಎರಡೂ ಅವಳಿಗೆ ಒಳ್ಳೆಯದೇ ಆಯಿತು.

ಹತ್ತನೇ ತರಗತಿಯ ಗಣಿತವನ್ನು ಎರಡು ಸಲ ಕಟ್ಟಿ ಎರಡು ಸಲವೂ ಡುಮ್ಕಿ ಹೊಡೆದ ಹುಡುಗಿ ಇಪ್ಪತ್ತೆರಡನೇ ವಯಸ್ಸಿಗೆ ಆ ಕೋಣೆಗೆ ಕಾಲಿಟ್ಟಳು. ಈಗ ನಲವತ್ತೆಂಟು. ಎರಡು ಕಿಟಕಿ, ಉದ್ದನೆಯ ನಾಲ್ಕು ಮೇಜು, ಎರಡು ನಲ್ಲಿಯ ಒಂದು ತೊಟ್ಟಿ, ಅದರಲ್ಲಿ ಒಂದು ನಲ್ಲಿ ಯಾವ ಕಾಲದಿಂದಲೋ ಕೆಟ್ಟದ್ದು. ಬಾಗಿಲು ತೆಗೆದರೆ ಸ್ಪಿರಿಟ್ಟಿನ ಮತ್ತು ಒದ್ದೆ ಬಟ್ಟೆಯ ವಾಸನೆ. ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಅದನ್ನು ಅವಳ ಹೊರತು ಯಾರೂ ಮುಟ್ಟುವ ಹಾಗಿರಲಿಲ್ಲ, ಹೆಡ್‌ಮೇಡಂ ಕೂಡ. ಮನೆಯಲ್ಲಿ ಅವಳ ಮಾತಿಗೆ ಎಷ್ಟು ಬೆಲೆ ಇತ್ತೋ ಏನೋ, ಆ ಕೋಣೆಯಲ್ಲಿ ಅವಳು ಹೇಳಿದ್ದೇ ವೇದವಾಕ್ಯ. ಮಕ್ಕಳು ಅವಳನ್ನು ಲ್ಯಾಬಕ್ಕ ಅನ್ನುತ್ತಿದ್ದರು. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಅದೇ ಶಾಲೆಗೆ ಸೇರಿಸಿದ ಮೇಲೂ ಲ್ಯಾಬಕ್ಕನೇ.

ಒಂದು ಶುಕ್ರವಾರ ಹೆಡ್‌ಮೇಡಂ ಕರೆಸಿದರು.

"ಬರೋ ಗುರುವಾರ ಇನ್ಸ್‌ಪೆಕ್ಟರು ಬರ್ತಾರೆ. ಲ್ಯಾಬ್ ಇರಬೇಕೋ ಬೇಡವೋ ಅಂತ ನೋಡೋದಕ್ಕೇ ಬರ್ತಿರೋದು."

"ಇರಬೇಕೋ ಬೇಡವೋ ಅಂದ್ರೆ?"

"ಕಂಪ್ಯೂಟರ್ ಇಡೋದಕ್ಕೆ ರೂಮು ಬೇಕಂತೆ. ಮಕ್ಕಳು ತಾವೇ ಒಂದು ತನಿಖೆ ಮಾಡೋದನ್ನ ಅವರು ಕಣ್ಣಾರೆ ನೋಡಬೇಕು. ಸರಿಯಾಗಿ ಆದ್ರೆ ಲ್ಯಾಬ್ ಉಳೀತು. ಇಲ್ಲದಿದ್ರೆ ಸಾಮಾನೆಲ್ಲ ಗೋದಾಮಿಗೆ."

"ನಾನು?"

ಹೆಡ್‌ಮೇಡಂ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಆಫೀಸಲ್ಲಿ ಕೆಲಸ ಇದ್ದೇ ಇರುತ್ತಲ್ಲ. ಫೈಲು ಕೊಡೋದು, ಟೀ ತರೋದು."

ವಿಜ್ಞಾನದ ಟೀಚರು ಹೆರಿಗೆ ರಜೆಯಲ್ಲಿದ್ದರು. ಬದಲಿಗೆ ಬರಬೇಕಾದವರು ಇವತ್ತು ನಾಳೆ ಎನ್ನುತ್ತ ತಿಂಗಳು ತಳ್ಳಿದ್ದರು. ರಜೆಗೆ ಹೋಗುವ ಮುಂಚೆ ಟೀಚರು ಒಂದು ಸಾಲು ಬರೆದು ಮೇಲಿನವರಿಗೆ ಕಳಿಸಿದ್ದರು: ಐದನೇ ತರಗತಿ, ನೀರಿನ ತಡೆ, ಮಕ್ಕಳ ತನಿಖೆ. ಅದರ ಹಿಂದೆ ಮುಂದೆ ಏನೂ ಇಲ್ಲ.

"ನೀವೇ ಮಾಡಿಸಿಬಿಡಿ. ನಿಮ್ಮ ಕೈಯಲ್ಲಿ ಯಾವತ್ತಾದ್ರೂ ತಪ್ಪಾಗಿದ್ದುಂಟಾ?" ಅಂದರು ಹೆಡ್‌ಮೇಡಂ.

ಜೋಡಿಸಿಡುವುದು ಬೇರೆ, ಯೋಜನೆ ಹಾಕುವುದು ಬೇರೆ. ಶನಿವಾರ ಇಡೀ ದಿನ ಅವಳು ಒಂದು ಹಾಳೆ ಮುಂದಿಟ್ಟುಕೊಂಡು ಕೂತಳು. ಹಳೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಿ ಕೊನೆಗೆ ಬರೆದದ್ದು ಇಷ್ಟು: ಇಳಿಯುವ ವಸ್ತುವನ್ನು ನೀರು ಎಷ್ಟು ತಡೆಯುತ್ತದೆ ಎಂದು ತಿಳಿಯಲು ಕ್ಲೇಯನ್ನು ಬೇರೆ ಬೇರೆ ಆಕಾರ ಮಾಡಿ ನೀರಿಗೆ ಬಿಡುವುದು, ತಳ ಮುಟ್ಟಲು ಯಾವುದಕ್ಕೆ ಎಷ್ಟು ಹೊತ್ತು ಬೇಕು ಎಂದು ನೋಡುವುದು. ಬದಲಾಗಬೇಕಾದದ್ದು ಆಕಾರ ಒಂದೇ. ತೂಕ ಒಂದೇ ಇರಬೇಕು, ನೀರು ಒಂದೇ ಇರಬೇಕು, ಬಿಡುವ ಎತ್ತರ ಒಂದೇ ಇರಬೇಕು. ಬಿಡುವ ಮುಂಚೆ ಪ್ರತಿ ಮಗುವೂ ತನ್ನ ಊಹೆ ಬರೆಯಬೇಕು. ಅಕ್ಷರ ದುಂಡಗೆ ಬಂದಿತ್ತು. ಎರಡು ಸಲ ಓದಿಕೊಂಡಳು, ಪರವಾಗಿಲ್ಲವೇ ಅನ್ನಿಸಿತು.

ಹಾಳೆ ಹೇಳಿದ ಮಾತನ್ನು ನೀರು ಕೇಳಬೇಕಲ್ಲ. ಲ್ಯಾಬಿನಲ್ಲಿದ್ದ ಅತಿ ಎತ್ತರದ ಅಳತೆ ಜಾಡಿ ಒಂದು ಮೊಳಕ್ಕಿಂತ ಕಡಿಮೆ. ಕ್ಲೇ ಉಂಡೆ ಬಿಟ್ಟಳು. ಗಡಿಯಾರದ ಗುಂಡಿ ಒತ್ತುವಷ್ಟರಲ್ಲಿ ಅದು ತಳದಲ್ಲಿ ಕೂತಿತ್ತು. ಚೌಕ ಬಿಟ್ಟಳು, ಅದೂ ಹಾಗೇ. ಅರ್ಧ ಸೆಕೆಂಡು, ಅರ್ಧ ಸೆಕೆಂಡು, ಒಂದು ಸಲ ಬೆರಳು ತಡವಾಗಿ ಒಂದು ಸೆಕೆಂಡು. ಇದನ್ನು ನೋಡಿ ಇನ್ಸ್‌ಪೆಕ್ಟರು ಏನು ಬರೆದುಕೊಂಡಾರು?

ಅವಳ ಗಂಡ ನಲ್ಲಿ ರಿಪೇರಿ ಮಾಡುವವನು. ಊರಿನ ಅರ್ಧ ಮನೆಗಳ ಪೈಪು ಅವನ ಕೈಯಲ್ಲೇ ಕೂತದ್ದು, ತನ್ನ ಮನೆಯ ಬಚ್ಚಲಿನ ನಲ್ಲಿ ಮಾತ್ರ ಮೂರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ಭಾನುವಾರ ಬೆಳಿಗ್ಗೆ ಅವಳು ಅವನೆದುರು ಬಂದು ಕೂತಳು.

"ರೀ, ಒಳಗಿರೋದು ಕಾಣೋ ಅಂಥ ಪೈಪು ಸಿಗುತ್ತಾ?"

"ಒಳಗೆ ಏನು ಕಾಣಬೇಕು ನಿಂಗೆ? ನೀರು ತಾನೆ?"

"ನೀರಲ್ಲಿ ಬೀಳೋದು ಕಾಣಬೇಕು. ಆಳುದ್ದಕ್ಕಿಂತ ಎತ್ತರ ಇರಬೇಕು."

"ಅಲ್ವೇ, ನಾನು ಜೀವಮಾನವೆಲ್ಲ ಪೈಪೊಳಗೆ ಏನೂ ಬೀಳದೇ ಇರಲಿ ಅಂತ ಒದ್ದಾಡ್ತೀನಿ. ನೀನು ಬೀಳಿಸೋದಕ್ಕೆ ಪೈಪು ಕೇಳ್ತೀಯಲ್ಲ."

ಅವಳು ನಗಲಿಲ್ಲ. ಅವನು ಅವಳ ಮುಖ ನೋಡಿದ, ಎದ್ದು ಚಪ್ಪಲಿ ಮೆಟ್ಟಿದ. ಅಂಗಡಿಗಳ ಬೋರ್ಡು ಮಾಡುವವನ ಬಳಿ ನಾಲ್ಕು ಇಂಚು ಅಗಲದ, ಆರೂವರೆ ಅಡಿ ಉದ್ದದ ಪಾರದರ್ಶಕ ಪೈಪಿನ ತುಂಡೊಂದು ಬಿದ್ದಿತ್ತು. ಅದನ್ನು ಸೋಮವಾರ ಹೆಗಲ ಮೇಲೆ ಹೊತ್ತು ತಂದು, ತಳಕ್ಕೆ ಮುಚ್ಚಳ ಅಂಟಿಸಿ, ಲ್ಯಾಬಿನ ಕಿಟಕಿಯ ಸರಳಿಗೆ ಕಟ್ಟಿ ನಿಲ್ಲಿಸಿದ. ಹದಿನಾರು ಲೀಟರು ನೀರು ಹಿಡಿಯಿತು. ಕಾಲು ಗಂಟೆಯಲ್ಲಿ ಹದಿನಾರು ಲೀಟರೂ ನೆಲದ ಮೇಲೆ.

"ಅಂಟು ಒಣಗೋದಕ್ಕೆ ಒಂದು ದಿನ ಬಿಡಬೇಕಿತ್ತು ಕಣೇ."

"ನನ್ನ ಹತ್ರ ಇರೋದೇ ಮೂರು ದಿನ ಕಣ್ರೀ" ಎಂದು ಅವಳು ನೆಲ ಒರೆಸುವ ಬಟ್ಟೆ ಹಿಡಿದು ಮಂಡಿಯೂರಿದಳು. ಅವನೂ ಒಂದು ಬಟ್ಟೆ ಹಿಡಿದು ಪಕ್ಕದಲ್ಲಿ ಕೂತ. ಇಬ್ಬರೂ ಸೇರಿ ಒರೆಸಿದರು.

ಮಂಗಳವಾರ ಸಂಜೆ ಪೈಪು ನಿಂತಿತು, ಸೋರಲಿಲ್ಲ. ಮತ್ತೆ ಮೇಲೆಳೆದುಕೊಳ್ಳಲು ಉಂಡೆಗೆ ಸಣ್ಣ ದಾರ ಕಟ್ಟಿ, ಮೇಜಿನ ಮೇಲೆ ಹತ್ತಿ ನಿಂತು ಬಿಟ್ಟಳು. ಮೂರು ಸೆಕೆಂಡು. ಚಪ್ಪಟೆ ಬಿಲ್ಲೆ ಆ ಕಡೆ ಈ ಕಡೆ ವಾಲಾಡುತ್ತ ಐದೂವರೆ ಸೆಕೆಂಡು ತೆಗೆದುಕೊಂಡಿತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಇನ್ನುಳಿದದ್ದು ಚೂಪು ಮೂತಿಯ ಆಕಾರ. ಪುಸ್ತಕದ ಚಿತ್ರದಲ್ಲಿ ಎಲ್ಲಕ್ಕಿಂತ ಮೊದಲು ತಳ ಮುಟ್ಟುತ್ತಿದ್ದದ್ದು ಅದೇ. ದೋಣಿಯ ಮೂತಿ ಯಾಕೆ ಚೂಪು, ಬಾಣದ ಮೂತಿ ಯಾಕೆ ಚೂಪು ಎಂದು ಕೆಳಗೆ ಪ್ರಶ್ನೆಯೂ ಇತ್ತು. ಚೂಪು ಕೆಳಗೆ ಮಾಡಿ ಬಿಟ್ಟಳು. ಅದು ಒಂದಡಿ ನೆಟ್ಟಗೆ ಹೋಯಿತು, ಆಮೇಲೆ ಪಲ್ಟಿ ಹೊಡೆದು ಪೈಪಿನ ಗೋಡೆಗೆ ಉಜ್ಜಿಕೊಂಡು ಸೋಮಾರಿಯ ಹಾಗೆ ಇಳಿಯಿತು. ನಾಲ್ಕು ಸೆಕೆಂಡು. ಉಂಡೆಗಿಂತ ಹಿಂದೆ.

ಮೂತಿ ಉದ್ದ ಮಾಡಿದಳು, ಗಿಡ್ಡ ಮಾಡಿದಳು, ನೀರು ಬದಲಾಯಿಸಿದಳು, ದಾರ ಬಿಚ್ಚಿದಳು. ಬುಧವಾರ ಬೆಳಗಿನಿಂದ ಸಂಜೆ ನಾಲ್ಕರವರೆಗೆ ನಲವತ್ತಕ್ಕೂ ಹೆಚ್ಚು ಸಲ ಬಿಟ್ಟಿರಬೇಕು. ಪ್ರತಿ ಸಲವೂ ಪಲ್ಟಿ. ಮೊಣಕೈವರೆಗೆ ತೋಳು ನೆನೆದು ಬೆರಳ ತುದಿ ಸುಕ್ಕುಗಟ್ಟಿತು. ಪುಸ್ತಕವೇ ತಪ್ಪಿರಬಹುದು, ಚೂಪು ಹಿಂದಕ್ಕಿರಬೇಕೇನೋ, ನಾಳೆ ಮಕ್ಕಳ ಜೊತೆಯೇ ಅದನ್ನು ಕಂಡುಹಿಡಿಯಬಹುದಲ್ಲ ಎಂಬ ಯೋಚನೆ ಅವಳಿಗೆ ಬರಲಿಲ್ಲ. ಹೇಗೆ ಬಂದೀತು? ಇಪ್ಪತ್ತಾರು ವರ್ಷದಲ್ಲಿ ಪುಸ್ತಕ ತಪ್ಪಾಗಿದ್ದೇ ಇಲ್ಲ, ತಪ್ಪಾಗದ ಹಾಗೆ ಅವಳೇ ನೋಡಿಕೊಂಡಿದ್ದಳು. ಅವಳ ಕಣ್ಣ ಮುಂದೆ ಇದ್ದದ್ದು ಒಂದೇ: ನಾಳೆ ಈ ಹೊತ್ತಿಗೆ ಬೀಗದ ಕೈ ಬೇರೆಯವರ ಸೊಂಟದಲ್ಲಿರುತ್ತದೆ, ತಾನು ಟೀ ಲೋಟದ ತಟ್ಟೆ ಹಿಡಿದು ಇದೇ ಬಾಗಿಲ ಮುಂದೆ ಹಾದು ಹೋಗುತ್ತಿರುತ್ತೇನೆ. ಅವಳು ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅತ್ತು, ಮೂಗೊರೆಸಿಕೊಂಡು, ಬೀರು ತೆಗೆದಳು.

ಬೀರುವಿನ ಮೂರನೇ ಅರೆಯಲ್ಲಿ ಒಂದು ಡಬ್ಬಿ ಸೀಸದ ಗುಂಡುಗಳಿದ್ದವು. ನಾಲ್ಕನ್ನು ಆರಿಸಿ ಚೂಪು ಮೂತಿಯೊಳಗೆ ಹುದುಗಿಸಿದಳು. ಅಷ್ಟೇ ತೂಕದ ಕ್ಲೇಯನ್ನು ಹಿಂಭಾಗದಿಂದ ಕೆರೆದು ತೆಗೆದಳು. ತಕ್ಕಡಿಗಿಟ್ಟಳು. ಉಂಡೆಯೂ ಇದೂ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ ಸಮ. ಹಾಳೆಯಲ್ಲಿ ತೂಕ ಒಂದೇ ಇರಬೇಕು ಎಂದು ಬರೆದವಳು ಅವಳೇ, ಅದನ್ನು ಪಾಲಿಸಿದವಳೂ ಅವಳೇ. ಗಾತ್ರ ಚೂರು ಕಡಿಮೆಯಾಗಿದ್ದನ್ನು ಯಾರ ಕಣ್ಣೂ ಹಿಡಿಯುವಂತಿರಲಿಲ್ಲ. ಬಿಟ್ಟಳು. ನೆಟ್ಟಗೆ ಇಳಿದು ಟಕ್ಕೆಂದು ತಳಕ್ಕೆ ಬಡಿಯಿತು. ಎರಡು ಸೆಕೆಂಡು ಚಿಲ್ಲರೆ. ಹತ್ತು ಸಲ ಬಿಟ್ಟರೆ ಹತ್ತು ಸಲವೂ ಹಾಗೇ. ಹದವಾಯಿತು ಎಂದುಕೊಂಡು ಕಿಟಕಿ ಮುಚ್ಚಿದಳು.

ಗುರುವಾರ ಮೂವತ್ತು ಮಕ್ಕಳು ಬಂದು ನಾಲ್ಕು ಮೇಜಿನ ಸುತ್ತ ನಿಂತರು. ಇನ್ಸ್‌ಪೆಕ್ಟರು ಹಿಂದಿನ ಬೆಂಚಿನಲ್ಲಿ ಫೈಲು ತೊಡೆಯ ಮೇಲಿಟ್ಟು ಕೂತರು. ಕಡಿಮೆ ಮಾತಿನ, ವಯಸ್ಸಾದ ಮನುಷ್ಯ. ಹೆಡ್‌ಮೇಡಂ ಬಾಗಿಲ ಬಳಿ ನಿಂತರು. ಲ್ಯಾಬಕ್ಕನಿಗೆ ಮಾತು ಶುರುವಾದ ಮೇಲೆ ತಾನಾಗಿ ಬಂತು. ಈಜುವಾಗ ಕೈ ಅಗಲ ಮಾಡಿ ನೀರು ತಳ್ಳಿದರೆ ಭಾರ ಅನ್ನಿಸುವುದೇಕೆ, ಕೈಯನ್ನು ಕತ್ತಿಯ ಅಲಗಿನಂತೆ ಹಿಡಿದರೆ ಹಗುರವೇಕೆ ಎಂದು ಕೇಳಿದಳು. ಮಕ್ಕಳು ತೊಟ್ಟಿಯಲ್ಲಿ ಕೈಯಾಡಿಸಿ ನೋಡಿದರು. ಮೊದಲ ಮೇಜಿಗೆ ಉಂಡೆ, ಎರಡನೆಯದಕ್ಕೆ ಬಿಲ್ಲೆ, ಮೂರನೆಯದಕ್ಕೆ ಚೌಕ. ನಾಲ್ಕನೇ ಮೇಜಿನವರು ತಮಗೆ ತೋಚಿದ ಆಕಾರ ಮಾಡಬೇಕು. ಚೂಪು ಮೂತಿ ತಾನು ಮಾಡಿಟ್ಟ ಮಾದರಿ, ಅದನ್ನು ಕೊನೆಗೆ ಬಿಡೋಣ ಎಂದಳು.

ನಾಲ್ಕನೇ ಮೇಜಿನಲ್ಲಿ ಒಬ್ಬಳು ಕನ್ನಡಕದ ಹುಡುಗಿ ಇದ್ದಳು. ಇದ್ದಾಳೋ ಇಲ್ಲವೋ ಗೊತ್ತಾಗದಷ್ಟು ಸುಮ್ಮನಿರುವವಳು. ಅವಳು ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಸಣ್ಣಗೆ ಬಾಲ ಎಳೆದಂತೆ ಕ್ಲೇ ತೀಡುತ್ತಿದ್ದಳು.

"ಚೂಪು ಯಾವ ಕಡೆ ಬರುತ್ತೆ, ಕೆಳಗಾ?" ಎಂದು ಲ್ಯಾಬಕ್ಕ ಕೇಳಿದಳು.

"ಅಲ್ಲ ಅಕ್ಕಾ, ಮೇಲೆ. ಮೀನಿಗೆ ತಲೆ ದಪ್ಪ, ಬಾಲ ಸಣ್ಣ ಅಲ್ವಾ? ನೀರಲ್ಲಿ ಹೆಂಗೆ ಹೋಗಬೇಕು ಅಂತ ಅದಕ್ಕೆ ಗೊತ್ತಿರುತ್ತಲ್ಲ."

ತೂಗಿದರು, ಊಹೆ ಬರೆದರು, ಒಬ್ಬೊಬ್ಬರಾಗಿ ಮೇಜು ಹತ್ತಿ ಬಿಟ್ಟರು. ಬಿಲ್ಲೆ ಐದೂವರೆ. ಚೌಕ ನಾಲ್ಕರ ಹತ್ತಿರ. ಉಂಡೆ ಮೂರು. ಹುಡುಗಿಯ ಮೀನು ದಪ್ಪ ತಲೆ ಕೆಳಗಾಗಿ ಒಂಚೂರೂ ಅಲುಗದೆ ಇಳಿಯಿತು. ಎರಡೂಮುಕ್ಕಾಲು. ಅವಳ ಮೇಜಿನವರು ಹೋ ಎಂದರು, ಹುಡುಗಿಯ ಮುಖ ಕೆಂಪಾಯಿತು. ಮೂರು ಸಲ ಬಿಟ್ಟರೂ ಎರಡೂಮುಕ್ಕಾಲಿನ ಆಚೀಚೆಯೇ. ಲ್ಯಾಬಕ್ಕ ಕಣ್ಣರಳಿಸಿ ನೋಡಿದಳು. ನಲವತ್ತು ಸಲ ಬಿಟ್ಟರೂ ತನ್ನ ಕೈಗೆ ಬಿಚ್ಚದ ಗಂಟು ಆ ಪುಟ್ಟ ಬೆರಳುಗಳಿಂದ ಬಿಚ್ಚಿಕೊಂಡಿತ್ತು. ಆದರೆ ಯೋಜನೆ ಯೋಜನೆಯೇ, ಹಿಂದಿನ ಬೆಂಚಿನಲ್ಲಿ ಫೈಲು ಕೂತಿದೆ. ಅವಳು ಮೇಜು ಹತ್ತಿ ಚೂಪು ಮೂತಿಯನ್ನು ಬಿಟ್ಟಳು.

ಎರಡು ಸೆಕೆಂಡು ಚಿಲ್ಲರೆ.

"ಹಾಗಾದರೆ ಮೂತಿ ಚೂಪಾಗಿದ್ದಷ್ಟೂ ನೀರಿನ ತಡೆ ಕಡಿಮೆ" ಎಂದು ಇನ್ಸ್‌ಪೆಕ್ಟರು ಮೊದಲ ಸಲ ನಕ್ಕರು. ಪೆನ್ನು ತೆಗೆದರು. "ಬಹಳ ಚೆನ್ನಾಗಿದೆ. ಇಂಥ ಲ್ಯಾಬ್ ಇರಬೇಕು." ಹೆಡ್‌ಮೇಡಂ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟರು.

ಲ್ಯಾಬಕ್ಕ ಮೇಜಿನಿಂದ ಇಳಿಯುತ್ತ ನಾಲ್ಕನೇ ಮೇಜಿನ ಕಡೆ ನೋಡಿದಳು. ಹುಡುಗಿ ಮೀನನ್ನು ಮುಷ್ಟಿಯಲ್ಲಿ ಹಿಸುಕಿ ಮುದ್ದೆ ಮಾಡುತ್ತಿದ್ದಳು. ಪಕ್ಕದ ಪುಸ್ತಕದಲ್ಲಿ, ನನ್ನ ಊಹೆ ತಪ್ಪು ಎಂದು ಆಗಲೇ ಬರೆದಾಗಿತ್ತು.

"ಯಾಕೆ ಹಿಸುಕ್ತಿದೀಯಮ್ಮಾ?"

"ಸೋತಿತಲ್ಲ ಅಕ್ಕಾ." ಹುಡುಗಿ ತಲೆ ಎತ್ತಲಿಲ್ಲ. ಅಳುತ್ತಲೂ ಇರಲಿಲ್ಲ, ಅದೇ ಹೆಚ್ಚು ಸಂಕಟ. "ನಂಗೆ ಯಾವಾಗ್ಲೂ ಹಿಂಗೇ. ಸರಿ ಅನ್ಸಿದ್ದು ತಪ್ಪಾಗಿರುತ್ತೆ."

ಸುಮ್ಮನಿದ್ದರೆ ಆಗುತ್ತಿತ್ತು. ಇನ್ನು ಎರಡು ಸಾಲು ಬರೆದು ಆ ಮನುಷ್ಯ ಎದ್ದು ಹೋಗುತ್ತಿದ್ದ, ಕೋಣೆ ಉಳಿಯುತ್ತಿತ್ತು, ನಿವೃತ್ತಿಯವರೆಗೆ ಬೀಗದ ಕೈ ಅವಳ ಸೊಂಟದಲ್ಲೇ. ತಕ್ಕಡಿಯ ಕಣ್ಣಿಗೂ ಮಣ್ಣೆರಚಿದ ಕೆಲಸವನ್ನು ಇನ್ಯಾರು ಹಿಡಿದಾರು? ಲ್ಯಾಬಕ್ಕ ಹುಡುಗಿಯ ಮುಷ್ಟಿಯನ್ನು ನೋಡಿದಳು, ಇನ್ಸ್‌ಪೆಕ್ಟರ ಪೆನ್ನನ್ನು ನೋಡಿದಳು. ದಾರ ಎಳೆದು ಚೂಪು ಮೂತಿಯನ್ನು ಮೇಲೆತ್ತಿ, ಎಲ್ಲರೆದುರು ಹೆಬ್ಬೆರಳಿನಿಂದ ಸೀಳಿದಳು. ನಾಲ್ಕು ಗುಂಡುಗಳು ಮೇಜಿನ ಮೇಲೆ ಉರುಳಿದವು.

"ಇದರೊಳಗೆ ಸೀಸ ಇಟ್ಟಿದ್ದೆ ಸರ್. ಇಡದೇ ಇದ್ರೆ ಇದು ಪಲ್ಟಿ ಹೊಡಿಯುತ್ತೆ, ಉಂಡೆಗಿಂತ ಹಿಂದೆ ಬರುತ್ತೆ. ಗೆದ್ದಿದ್ದು ಈ ಹುಡುಗಿಯ ಮೀನು."

ಹೆಡ್‌ಮೇಡಂ ಬಾಗಿಲನ್ನು ಹಿಡಿದುಕೊಂಡರು. ಇನ್ಸ್‌ಪೆಕ್ಟರು ಎದ್ದು ಬಂದು ಒಂದು ಗುಂಡನ್ನು ಕೈಗೆತ್ತಿಕೊಂಡು ನೋಡಿದರು.

"ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ ಅಮ್ಮಾ."

"ಗೊತ್ತು ಸರ್."

"ಈಗ ನಾನು ಬರೀಲೇಬೇಕಾಗುತ್ತೆ. ಗೊತ್ತಾಗಿಯೂ ಬರೀದೇ ಇದ್ರೆ ನಾನೂ ಒಳಗೆ ಸೀಸ ಇಟ್ಟ ಹಾಗೇ."

"ಬರೀರಿ ಸರ್" ಎಂದಳು. ಅವರು ನಿಂತಲ್ಲೇ ಬರೆದರು, ಫೈಲು ಕಟ್ಟಿದರು, ಹೋಗುವಾಗ ಹುಡುಗಿಯ ತಲೆ ಮುಟ್ಟಿ ಹೋದರು. ಹೆಡ್‌ಮೇಡಂ ಅವರನ್ನು ಗೇಟಿನವರೆಗೆ ಬಿಟ್ಟು ವಾಪಸು ಬಂದವರು ಕೋಣೆಯೊಳಗೆ ಕಾಲಿಡಲಿಲ್ಲ. ಹೊರಗಿನಿಂದಲೇ, "ಸೋಮವಾರ ಬೀಗದ ಕೈ ಆಫೀಸಿಗೆ ಕೊಟ್ಟುಬಿಡಿ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಇದ್ದು ಏನು ಪ್ರಯೋಜನ?

ಬೆಲ್ಲಾಯಿತು. ಮಕ್ಕಳು ಪಿಸುಗುಡುತ್ತ ಸಾಲಾಗಿ ಹೊರಟರು. ಲ್ಯಾಬಕ್ಕ ಬಕೆಟ್ಟು ಎಳೆದುಕೊಂಡು ಪೈಪಿನ ನೀರು ಖಾಲಿ ಮಾಡತೊಡಗಿದಳು. ರಬ್ಬರು ಕೊಳವೆಯಿಂದ ನೀರು ಸಣ್ಣಗೆ ಬಕೆಟ್ಟಿಗೆ ಬೀಳುತ್ತಿತ್ತು, ಅವಳು ಅದನ್ನೇ ದಿಟ್ಟಿಸುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ಯಾರೋ ನಿಂತಿರುವುದು ಗೊತ್ತಾಯಿತು. ಕನ್ನಡಕದ ಹುಡುಗಿ.

"ಏನಮ್ಮಾ, ಕ್ಲಾಸಿಗೆ ಹೋಗಲ್ವಾ?"

"ಅಕ್ಕಾ, ಒಂದು ಕೇಳ್ಲಾ?"

"ಕೇಳು."

"ಹೋದ ವರ್ಷ ಉಪ್ಪಿನ ಹರಳು ಬೆಳೆಸಿದ್ವಲ್ಲ. ಬಾಟಲೀಲಿ ದಾರ ಇಳಿಬಿಟ್ಟು. ಎಲ್ಲರದ್ದೂ ಬೆಳೀತು, ನಂದು ಬೆಳೀಲಿಲ್ಲ. ಟೀಚರು ನನ್ನ ಕೈ ಸರಿ ಇಲ್ಲ ಅಂದ್ರು. ಅದೂ..."

ಲ್ಯಾಬಕ್ಕನ ಕೈಯಿಂದ ಕೊಳವೆ ಜಾರಿ ನೀರು ನೆಲಕ್ಕೆ ಹೋಯಿತು. ಅವಳು ಅದನ್ನು ಎತ್ತಿಕೊಳ್ಳಲು ಬಗ್ಗಲಿಲ್ಲ. ಹುಡುಗಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತಳು.

"ಮೂವತ್ತು ಬಾಟಲೀಲಿ ಒಂದರಲ್ಲೂ ಬೆಳೆದಿರಲಿಲ್ಲ ಕಂದಾ. ಬೀರುವಲ್ಲಿದ್ದ ಹಳೇ ಹರಳನ್ನ ಒಂದೊಂದಾಗಿ ನಾನೇ ಕಟ್ಟಿದೆ. ಇಪ್ಪತ್ತೊಂಬತ್ತೇ ಇದ್ದಿದ್ದು."

ಕೋಪ ಮಾಡಿಕೊಂಡಿದ್ದರೆ ಲ್ಯಾಬಕ್ಕ ತಡೆದುಕೊಳ್ಳುತ್ತಿದ್ದಳೇನೋ. ಹುಡುಗಿ ಕನ್ನಡಕ ತೆಗೆದು ಲಂಗದ ತುದಿಯಿಂದ ಒರೆಸಿದಳು. ಮತ್ತೆ ಹಾಕಿಕೊಂಡು ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿ, ಮಗುಚಿ, ತಿರುಗಿಸಿ ನೋಡಿಕೊಂಡಳು.

"ಹಾಗಾದ್ರೆ ಇವು ಸರೀನೇ ಇವೆ" ಎಂದಳು.